ಡಬ್ಬಿ ನಮ್ಮದು, ಹಿಡಿತ ಯಾರದು?

ಕಲಬುರಗಿಯ ಖೂಬಾ ಪ್ಲಾಟ್‌ನಂಥ ಬಡಾವಣೆಗಳಲ್ಲಿ ಮನೆ ಎಲ್ಲಿ ಮುಗಿಯಿತು, ಕಚೇರಿ ಎಲ್ಲಿ ಶುರುವಾಯಿತು ಎಂದು ಹೇಳುವುದು ಈಗ ಸುಲಭವಲ್ಲ. ಕೆಳಗೆ ಕ್ಲಿನಿಕ್, ಮೇಲೆ ಮನೆ. ಪಕ್ಕದಲ್ಲಿ ಟ್ಯೂಷನ್ ಕ್ಲಾಸು, ಅದರಾಚೆ ಲೆಕ್ಕಪತ್ರ ನೋಡುವವರ ಆಫೀಸು, ಇನ್ನೂ ಆಚೆ ಒಂದು ಹಾಸ್ಟೆಲ್ಲು. ಇಂಥ ಕಡೆಗಳಲ್ಲೆಲ್ಲ ಚಾವಣಿಗೋ ಗೋಡೆಗೋ ಅಂಟಿಕೊಂಡು ಸಣ್ಣ ದೀಪ ಮಿನುಗಿಸುತ್ತಿರುವ ವೈಫೈ ಡಬ್ಬಿ ಇದ್ದೇ ಇರುತ್ತದೆ. ತಂತ್ರಜ್ಞರು ಅದನ್ನು ಆಕ್ಸೆಸ್ ಪಾಯಿಂಟ್ ಅಥವಾ ಚಿಕ್ಕದಾಗಿ ಎಪಿ ಎನ್ನುತ್ತಾರೆ. ದುಡ್ಡು ಕೊಟ್ಟು ತಂದದ್ದು, ಬಿಲ್ಲು ಕಪಾಟಿನಲ್ಲಿದೆ, ಆದ್ದರಿಂದ ಅದು ನಮ್ಮದೇ ಎಂದು ಮಾಲೀಕರು ನಂಬಿರುತ್ತಾರೆ. ಆದರೆ ಆ ಡಬ್ಬಿಗೆ ಹೆಸರು, ಪಾಸ್‌ವರ್ಡ್, ಸಾಫ್ಟ್‌ವೇರ್, ಕೊನೆಗೆ ಕೆಲಸ ಮಾಡುವ ಅನುಮತಿಯನ್ನೂ ಕೊಡುವ ಮೇಲಧಿಕಾರಿ ಬೇರೆಲ್ಲೋ ಇರುತ್ತದೆ. ಅದೇ ಕಂಟ್ರೋಲರ್. ಹಳೆಯ ಕಂಟ್ರೋಲರ್ ಬಿಟ್ಟು ಹೊಸದಕ್ಕೆ ಈ ಡಬ್ಬಿಗಳನ್ನು ಸಾಗಿಸುವ ದಿನ ಬಂದಾಗಲೇ ನಿಜವಾದ ಹಿಡಿತ ಯಾರದು ಎಂಬುದು ಬಯಲಾಗುವುದು. ಪ್ಲಾಟು ಕೊಂಡು ಹಣ ಪೂರ್ತಿ ಕೊಟ್ಟರೂ ಖಾತೆ ಬದಲಾಯಿಸಿಕೊಳ್ಳದೆ ಕೂತವರ ಸ್ಥಿತಿಯೇ ಆಗ ಅನೇಕರದಾಗುತ್ತದೆ. ಈ ಸ್ಥಳಾಂತರ ಮೇಲ್ನೋಟಕ್ಕೆ ತಂತ್ರಜ್ಞಾನದ ಕೆಲಸ. ಆದರೆ ಅದು ಸಲೀಸಾಗುವುದೋ ಕೆಡುವುದೋ ಎಂಬುದು ತಂತ್ರಜ್ಞನ ಕೈಚಳಕಕ್ಕಿಂತ ಹೆಚ್ಚಾಗಿ ಕೊಂಡ ದಿನ ಏನು ಒಪ್ಪಂದವಾಗಿತ್ತು, ಏನೇನು ದಾಖಲೆ ಮಾಲೀಕನ ಕೈಗೆ ಬಂದಿತ್ತು ಎಂಬುದರ ಮೇಲೆ ನಿಂತಿದೆ ಎಂಬುದು ಈ ಲೇಖನದ ವಾದ.

ವೈಫೈನ ಮೊದಲ ಮಾನಕ ಬಂದದ್ದು 1997ರಲ್ಲಿ. ಆಗಿನ ಪ್ರತಿ ಆಕ್ಸೆಸ್ ಪಾಯಿಂಟೂ ಸ್ವತಂತ್ರ. ಒಂದೊಂದಕ್ಕೂ ಬೇರೆಬೇರೆಯಾಗಿ ಹೆಸರು, ಗುಪ್ತಪದ ಬರೆಯಬೇಕಿತ್ತು. ಒಂದೆರಡು ಇದ್ದರೆ ತೊಂದರೆಯಿಲ್ಲ. ಮೂರು ಮಹಡಿಯ ನರ್ಸಿಂಗ್ ಹೋಮಿಗೆ ಹನ್ನೆರಡು ಹಾಕಿದರೆ ತಲೆನೋವು ಶುರು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಅಕ್ಕಪಕ್ಕದ ಎರಡು ಎಪಿಗಳು ಒಂದೇ ಚಾನೆಲ್‌ನಲ್ಲಿ ಮಾತಾಡಿದರೆ ಒಂದು ಮುಗಿಸುವ ತನಕ ಇನ್ನೊಂದು ಕಾಯಬೇಕು. ಯಾವ ಎಪಿ ಯಾವ ಚಾನೆಲ್‌ನಲ್ಲಿ, ಎಷ್ಟು ಶಕ್ತಿಯಲ್ಲಿ ಪ್ರಸಾರ ಮಾಡಬೇಕು, ವಾರ್ಡಿನಿಂದ ವಾರ್ಡಿಗೆ ನಡೆಯುವ ನರ್ಸ್ ಕೈಯಲ್ಲಿನ ಟ್ಯಾಬ್ಲೆಟ್ ಯಾವಾಗ ಒಂದನ್ನು ಬಿಟ್ಟು ಮತ್ತೊಂದನ್ನು ಹಿಡಿಯಬೇಕು ಎಂಬ ವಿಚಾರಗಳಿಗೆ ಎಲ್ಲವನ್ನೂ ಒಟ್ಟಿಗೆ ಕಾಣಬಲ್ಲ ಒಂದು ಯಂತ್ರ ಬೇಕಾಯಿತು. ಈ ದಾರಿಯನ್ನು ಮುಂಚೆಯೇ ತುಳಿದ ಕಂಪನಿಗಳಲ್ಲಿ 2001ರಲ್ಲಿ ಹುಟ್ಟಿದ ಏರ್‌ಸ್ಪೇಸ್ ಒಂದು. 2005ರಲ್ಲಿ ನೆಟ್‌ವರ್ಕ್ ಉಪಕರಣಗಳ ಕಂಪನಿ ಸಿಸ್ಕೊ ಅದನ್ನು 45 ಕೋಟಿ ಡಾಲರಿಗೆ ಕೊಂಡುಕೊಂಡಿತು. ಎಪಿ ಮತ್ತು ಕಂಟ್ರೋಲರ್ ಮಾತಾಡಿಕೊಳ್ಳುವ ಭಾಷೆಯನ್ನು ಎಲ್ಲ ಕಂಪನಿಗಳಿಗೂ ಒಂದೇ ಮಾಡುವ ಉದ್ದೇಶದಿಂದ 2009ರ ಮಾರ್ಚಿನಲ್ಲಿ ಕ್ಯಾಪ್‌ವ್ಯಾಪ್ ಎಂಬ ಮುಕ್ತ ಮಾನಕ ಪ್ರಕಟವಾಯಿತು. ಮಾನಕವೇನೋ ಒಂದಾಯಿತು, ಆದರೆ ಪ್ರತಿ ಕಂಪನಿಯೂ ಅದರ ಮೇಲೆ ತನ್ನದೇ ಪ್ರಮಾಣಪತ್ರ, ತನ್ನದೇ ಸಾಫ್ಟ್‌ವೇರ್ ಹೇರಿತು. ಹಾಗಾಗಿ ಒಂದು ಕಂಪನಿಯ ಎಪಿ ಮತ್ತೊಂದು ಕಂಪನಿಯ ಕಂಟ್ರೋಲರ್‌ಗೆ ಇವತ್ತಿಗೂ ಸಾಮಾನ್ಯವಾಗಿ ಒಗ್ಗುವುದಿಲ್ಲ. ಹಿಡಿತದ ಪ್ರಶ್ನೆಗೆ ಬೀಜ ಬಿದ್ದದ್ದು ಇಲ್ಲಿ.

ಚೆನ್ನಾಗಿ ನಡೆಯುತ್ತಿರುವ ಕಂಟ್ರೋಲರನ್ನು ಬದಲಿಸುವ ಗೋಜಾದರೂ ಯಾಕೆ? ಮುಖ್ಯ ಕಾರಣ ಆಯಸ್ಸು. ಈ ಯಂತ್ರಗಳು ಕೆಟ್ಟು ನಿಲ್ಲುವ ಮೊದಲೇ ಕಂಪನಿ ಅವುಗಳ ಕೈ ಬಿಟ್ಟಿರುತ್ತದೆ. ಸಿಸ್ಕೊ 2018ರ ನವೆಂಬರಿನಲ್ಲಿ 9800 ಎಂಬ ಹೊಸ ಕಂಟ್ರೋಲರ್ ಸರಣಿ ತಂದಿತು. ಅದುವರೆಗೆ ಆಸ್ಪತ್ರೆ, ಕಾಲೇಜುಗಳಲ್ಲಿ ಹರಡಿದ್ದ ಹಳೆಯ ಸರಣಿಯ ಸಾಫ್ಟ್‌ವೇರ್ ಅಲ್ಲಿಂದ ಮುಂದೆ 8.10ನೇ ಆವೃತ್ತಿಗೆ ನಿಂತುಹೋಯಿತು. ಸಾಫ್ಟ್‌ವೇರ್ ನಿಂತರೆ ಏನಾಗುತ್ತದೆ ಎನ್ನಲು 2017ರ ಅಕ್ಟೋಬರಿನ ಘಟನೆ ಸಾಕು. ಬೆಲ್ಜಿಯಂನ ಸಂಶೋಧಕ ಮ್ಯಾಥಿ ವ್ಯಾನ್‌ಹೂಫ್ ಅವರು ವೈಫೈನ ಡಬ್ಲ್ಯುಪಿಎ2 ಭದ್ರತೆಯ ಒಡಕೊಂದನ್ನು ಆಗ ಜಗತ್ತಿಗೆ ತೋರಿಸಿದರು. ಅದು ಯಾವುದೋ ಒಂದು ಕಂಪನಿಯ ತಪ್ಪಲ್ಲ, ಮಾನಕದಲ್ಲೇ ಇದ್ದ ದೋಷ. ಸಾಫ್ಟ್‌ವೇರ್ ತಿದ್ದುಪಡಿ ಸಿಗುವ ಉಪಕರಣಗಳು ಸರಿಹೋದವು. ಸಿಗದವು ಹಾಗೇ ಉಳಿದವು. 2021ರಲ್ಲಿ ಇದೇ ಸಂಶೋಧಕರು ಇನ್ನಷ್ಟು ದೋಷಗಳನ್ನು ಹೊರಗೆಡವಿದರು. ರೋಗಿಯ ವರದಿಗಳು, ಗ್ರಾಹಕರ ತೆರಿಗೆ ಲೆಕ್ಕಗಳು ಗಾಳಿಯಲ್ಲಿ ಓಡಾಡುವ ಕಟ್ಟಡದಲ್ಲಿ ತಿದ್ದುಪಡಿ ಸಿಗದ ಕಂಟ್ರೋಲರ್ ಇಟ್ಟುಕೊಳ್ಳುವುದು ಸರಿಯಲ್ಲ. ಇದಲ್ಲದೆ ಶಾಖೆ ಹೆಚ್ಚಿದಾಗ, ಗುತ್ತಿಗೆದಾರ ಬದಲಾದಾಗ, ಪೆಟ್ಟಿಗೆಯ ಕಂಟ್ರೋಲರ್ ಬಿಟ್ಟು ಕ್ಲೌಡಿಗೆ ಹೋಗಬೇಕೆನಿಸಿದಾಗಲೂ ಸ್ಥಳಾಂತರದ ಮಾತು ಬರುತ್ತದೆ. ಒಟ್ಟಿನಲ್ಲಿ ಇದು ಅಪರೂಪದ ಅವಘಡವಲ್ಲ. ಎಪಿ ಕೊಂಡವರೆಲ್ಲರ ಬಾಗಿಲಿಗೆ ಕೆಲವು ವರ್ಷಕ್ಕೊಮ್ಮೆ ಬಂದೇ ಬರುವ ಕೆಲಸ.

ಡಬ್ಬಿ ತನ್ನ ಕಂಟ್ರೋಲರನ್ನು ಹುಡುಕಿಕೊಳ್ಳುವ ಕ್ರಮ ತಿಳಿದರೆ ತೊಡಕು ಎಲ್ಲಿದೆ ಎಂಬುದೂ ತಿಳಿಯುತ್ತದೆ. ಖೂಬಾ ಪ್ಲಾಟ್‌ನಲ್ಲಿ ಮುಖ್ಯ ಕ್ಲಿನಿಕ್, ಹುಮನಾಬಾದ್ ದಾರಿಯ ಕಮಲಾಪುರದಲ್ಲಿ ಒಂದು ಶಾಖೆ ಎಂದಿಟ್ಟುಕೊಳ್ಳಿ. ಕರೆಂಟು ಬಂದು ಎಪಿ ಎಚ್ಚರಗೊಂಡ ಕೂಡಲೇ ತನ್ನ ನೆನಪಿನಲ್ಲಿರುವ ಹಳೆಯ ಕಂಟ್ರೋಲರ್ ವಿಳಾಸಗಳಿಗೆ ಕರೆ ಕಳಿಸುತ್ತದೆ. ಜೊತೆಗೆ ತಾನಿರುವ ನೆಟ್‌ವರ್ಕಿನಲ್ಲಿ ಯಾರಾದರೂ ಕಂಟ್ರೋಲರ್ ಇದ್ದೀರಾ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಆ ಕೂಗು ಅದೇ ನೆಟ್‌ವರ್ಕಿನೊಳಗೆ ಕೇಳಿಸುತ್ತದೆಯೇ ಹೊರತು ರೌಟರ್ ದಾಟುವುದಿಲ್ಲ. ಕಮಲಾಪುರದಲ್ಲಿ ಕೂಗಿದ್ದು ಖೂಬಾ ಪ್ಲಾಟ್‌ಗೆ ಮುಟ್ಟದು. ಅದಕ್ಕೇ ಇನ್ನೆರಡು ದಾರಿಗಳಿವೆ. ಎಪಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ತನ್ನ 43ನೇ ಅಥವಾ 138ನೇ ಆಯ್ಕೆಯಲ್ಲಿ ಕಂಟ್ರೋಲರ್ ವಿಳಾಸವನ್ನೂ ಸೇರಿಸಿ ಕೊಡಬಹುದು. ಇಲ್ಲವೇ, ಕಂಪನಿ ಗೊತ್ತುಪಡಿಸಿದ ಹೆಸರೊಂದನ್ನು ಎಪಿ ಡಿಎನ್‌ಎಸ್‌ನಲ್ಲಿ ಕೇಳಿ ವಿಳಾಸ ಪಡೆಯಬಹುದು. ವಿಳಾಸ ಸಿಕ್ಕ ಮೇಲೆ ಪರಸ್ಪರ ಪ್ರಮಾಣಪತ್ರ ಪರೀಕ್ಷೆ, ಗೂಢಲಿಪಿಯ ಸುರಂಗ, ಸೇರ್ಪಡೆಯ ಕೋರಿಕೆ. ಕ್ಯಾಪ್‌ವ್ಯಾಪ್‌ನಲ್ಲಿ ನಿಯಂತ್ರಣದ ಮಾತು ಯುಡಿಪಿಯ 5246ನೇ ಪೋರ್ಟಿನಲ್ಲಿ, ಬಳಕೆದಾರರ ದತ್ತಾಂಶ 5247ರಲ್ಲಿ ಸಾಗುತ್ತದೆ. ನಡುವಿನ ಫೈರ್‌ವಾಲ್ ಈ ಎರಡನ್ನು ತಡೆದರೆ ಎಲ್ಲ ಸರಿಯಿದ್ದೂ ಎಪಿ ಸೇರುವುದಿಲ್ಲ. ಸೇರಿದ ನಂತರ ಎಪಿಯ ಸಾಫ್ಟ್‌ವೇರ್ ಆವೃತ್ತಿ ಕಂಟ್ರೋಲರ್‌ನದಕ್ಕೆ ಹೊಂದದಿದ್ದರೆ ಹೊಸದನ್ನು ಇಳಿಸಿಕೊಂಡು ಮತ್ತೆ ಶುರುವಾಗುತ್ತದೆ. ಊರಿನ ಬ್ರಾಡ್‌ಬ್ಯಾಂಡ್ ನಿಧಾನವಿದ್ದಷ್ಟು ಇದನ್ನು ಇಳಿಸಿಕೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ. ಕೊನೆಯಲ್ಲಿ ವೈಫೈ ಹೆಸರು, ಪಾಸ್‌ವರ್ಡ್, ಚಾನೆಲ್ ಎಲ್ಲವೂ ಕಂಟ್ರೋಲರ್‌ನಿಂದ ಬರುತ್ತವೆ.

ಈ ಸರಪಳಿಯಲ್ಲಿ ಎಪಿ ತನ್ನಲ್ಲೇ ಇಟ್ಟುಕೊಳ್ಳುವುದು ಏನು, ಕಂಟ್ರೋಲರ್ ಕೊಡುವುದು ಏನು ಎಂಬ ಭೇದ ತಿಳಿಯದವರು ಸ್ಥಳಾಂತರದಲ್ಲಿ ಎಡವುತ್ತಾರೆ. ಸಿಸ್ಕೊ ಪದ್ಧತಿಯಲ್ಲಿ ಎಪಿಗೆ ಮೂವರು ಯಜಮಾನರ, ಅಂದರೆ ಕಂಟ್ರೋಲರ್‌ಗಳ, ಹೆಸರು ಬರೆದಿಡಬಹುದು: ಮೊದಲನೆಯದು, ಎರಡನೆಯದು, ಮೂರನೆಯದು. ಹೊಸ ಕಂಟ್ರೋಲರನ್ನು ಮೊದಲನೆಯದಾಗಿ ಬರೆದು, ಹಳೆಯದನ್ನು ಎರಡನೆಯದಾಗಿ ಇಟ್ಟರೆ ಹೊಸದು ಕೈಕೊಟ್ಟಾಗ ಎಪಿ ಹಳೆಯದಕ್ಕೆ ಮರಳುತ್ತದೆ. ಆದರೆ ಕಂಟ್ರೋಲರ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸವಾದರೂ ಲೆಕ್ಕ ತಪ್ಪುತ್ತದೆ. ಎಪಿಯ ಸ್ವಂತ ಹೆಸರು, ಅದು ಸೇರಿದ ಗುಂಪಿನ ಹೆಸರು ಅದರ ನೆನಪಿನಲ್ಲೇ ಉಳಿಯುತ್ತವೆ. ಅದೇ ಹೆಸರಿನ ಗುಂಪು ಹೊಸ ಕಂಟ್ರೋಲರ್‌ನಲ್ಲಿ ಇರದಿದ್ದರೆ ಎಪಿ ಸಾಮಾನ್ಯ ಗುಂಪಿಗೆ ಬಿದ್ದು, ಹೆರಿಗೆ ವಾರ್ಡಿನಲ್ಲಿ ಬರಬೇಕಾದ ವೈಫೈ ಬಾರದೆ ಇನ್ನಾವುದೋ ಬರಬಹುದು. ಆದ್ದರಿಂದ ಅನುಭವಿಗಳು ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಎತ್ತಿ ಹಾಕುವುದಿಲ್ಲ. ಹಳೆಯ, ಹೊಸ ಕಂಟ್ರೋಲರ್‌ಗಳನ್ನು ಕೆಲಕಾಲ ಜೊತೆಗೇ ನಡೆಸುತ್ತಾರೆ. ಒಂದು ಎಪಿಯನ್ನು ಪರೀಕ್ಷೆಗೆ ಸಾಗಿಸಿ, ಫೋನು, ಪ್ರಿಂಟರ್, ಬಿಲ್ಲಿಂಗ್ ಯಂತ್ರ ಎಲ್ಲ ಅಂಟಿಕೊಳ್ಳುತ್ತವೆಯೇ ನೋಡಿ, ಆಮೇಲೆ ಮಹಡಿ ಮಹಡಿಯಾಗಿ ಸಾಗಿಸುತ್ತಾರೆ. ಒಂದೇ ಮಹಡಿಯಲ್ಲಿ ಅರ್ಧ ಹಳೆಯದಕ್ಕೆ, ಅರ್ಧ ಹೊಸದಕ್ಕೆ ಎಂದು ಬೆರೆಸುವುದಿಲ್ಲ. ಬೆರೆಸಿದರೆ ನಡೆಯುತ್ತ ಮಾತಾಡುವವರ ಕರೆ ನಡುನಡುವೆ ಕಡಿದುಹೋಗುವ ಸಂಭವ ಹೆಚ್ಚು. ಹಳೆಯ ವಿಳಾಸವನ್ನು ಡಿಎಚ್‌ಸಿಪಿಯಿಂದ ತೆಗೆಯಲು ಮರೆತಿದ್ದರೆ ಅದೂ ಒಂದು ತೊಡಕು. ಬೇಸಿಗೆಯ ಮಧ್ಯಾಹ್ನ ಕರೆಂಟು ಹೋಗಿ ಬಂದಾಗ ಎಲ್ಲ ಎಪಿಗಳೂ ಒಮ್ಮೆಗೇ ಎದ್ದು ಹುಡುಕಾಟಕ್ಕೆ ತೊಡಗುತ್ತವೆ, ಕೆಲವು ಸದ್ದಿಲ್ಲದೆ ಹಳೆಯ ಯಜಮಾನನ ಬಳಿಗೇ ಹೋಗಿಬಿಡುತ್ತವೆ. ಯುಪಿಎಸ್ ಇಲ್ಲದ ಕಟ್ಟಡದಲ್ಲಿ ಇದು ಪದೇ ಪದೇ ಎದುರಾಗುವ ಪರೀಕ್ಷೆ.

ಇಲ್ಲಿಯವರೆಗಿನದೆಲ್ಲ ಬಲ್ಲ ಎಂಜಿನಿಯರ್ ನಿಭಾಯಿಸಬಹುದಾದ ಕೆಲಸ. ಬಲ್ಲವನ ಕೈಯನ್ನೂ ಕಟ್ಟಿಹಾಕುವ ಸಂಗತಿಗಳು ಬೇರೆ ಇವೆ, ಅವು ಹಿಡಿತದ ವಾದಕ್ಕೆ ಸಾಕ್ಷಿ. ಮೊದಲನೆಯದು ಪ್ರಮಾಣಪತ್ರದ ಕಥೆ. ಸಿಸ್ಕೊ ಎಪಿಗಳಿಗೆ ಕಾರ್ಖಾನೆಯಲ್ಲೇ ಒಂದು ಡಿಜಿಟಲ್ ಪ್ರಮಾಣಪತ್ರ ಕೂರಿಸಿರುತ್ತಾರೆ. 2005ರಿಂದೀಚೆಗೆ ತಯಾರಾದ ಬಹಳಷ್ಟು ಉಪಕರಣಗಳಲ್ಲಿ ಅದರ ಆಯಸ್ಸು ಹತ್ತು ವರ್ಷ. ಹತ್ತು ತುಂಬಿದ ದಿನ ಎಪಿಯ ರೇಡಿಯೊ ಗಟ್ಟಿಯಾಗೇ ಇರುತ್ತದೆ, ಆದರೆ ಕಂಟ್ರೋಲರ್ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅವಧಿ ಮೀರಿದ್ದನ್ನು ಕಡೆಗಣಿಸು ಎಂಬ ಆಜ್ಞೆಯನ್ನು ಕಂಟ್ರೋಲರ್‌ಗೆ ಕೊಡುವ ಸೌಲಭ್ಯವನ್ನು ಕಂಪನಿ ಮುಂದೆ ಒದಗಿಸಬೇಕಾಯಿತು. ಇನ್ನೊಂದು ಪ್ರಮಾಣಪತ್ರ 2022ರ ಡಿಸೆಂಬರ್ 4ರಂದು ಅವಧಿ ಮೀರಿತು. ಆ ತಾರೀಖಿನ ನಂತರ ಹಳೆಯ ಮಾದರಿಯ ಎಪಿಗಳು ಬೇರೆ ಆವೃತ್ತಿಯ ಕಂಟ್ರೋಲರ್‌ಗೆ ಹೋದಾಗ ಹೊಸ ಸಾಫ್ಟ್‌ವೇರ್ ಇಳಿಸಿಕೊಳ್ಳುವ ಹಂತದಲ್ಲೇ ಸಿಕ್ಕಿಬೀಳುವ ಸಾಧ್ಯತೆ ಇತ್ತು. ತಿದ್ದಿದ ಆವೃತ್ತಿ ಹಾಕದವರಿಗೆ ಕಂಪನಿ ಸೂಚಿಸಿದ ಉಪಾಯ ಕಂಟ್ರೋಲರ್ ಗಡಿಯಾರವನ್ನು ಆ ತಾರೀಖಿನ ಹಿಂದಕ್ಕೆ ತಿರುಗಿಸುವುದು. ನಮ್ಮ ದೇಶದಲ್ಲಿ ಇದಕ್ಕೊಂದು ವಿಚಿತ್ರ ತೊಡಕಿದೆ. 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ಯಂತ್ರಗಳ ಗಡಿಯಾರವನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯಕ್ಕೆ ಹೊಂದಿಸಿಡಬೇಕು, 180 ದಿನಗಳ ಲಾಗ್ ಕಾಪಾಡಬೇಕು. ಗಡಿಯಾರ ಹಿಂದೆ ಹಾಕಿದ ಅವಧಿಯ ಲಾಗುಗಳ ಸಮಯವೆಲ್ಲ ತಪ್ಪಾಗುತ್ತದೆ. ಆಸ್ತಿ ಯಾರದೋ, ಆಯಸ್ಸು ಬರೆದವರು ಯಾರೋ, ಕಾನೂನಿಗೆ ಉತ್ತರ ಹೇಳಬೇಕಾದವರು ಇನ್ನಾರೋ.

ಎರಡನೆಯ ಸಾಕ್ಷಿ ಮಾದರಿಗಳ ಪಟ್ಟಿ. ಹೊಸ 9800 ಸರಣಿ ಸಿಸ್ಕೊದ ಕೆಲವು ಹಳೆಯ ಎಪಿಗಳನ್ನು ಮೊದಲಿನಿಂದಲೂ ಒಪ್ಪಿಕೊಳ್ಳಲಿಲ್ಲ. 1700, 2700, 3700 ಮಾದರಿಗಳನ್ನು ತನ್ನ ಸಾಫ್ಟ್‌ವೇರಿನ 17.3ನೇ ಆವೃತ್ತಿಯ ತನಕ ಒಪ್ಪಿ, 17.4ರಿಂದ ಕೈಬಿಟ್ಟಿತು, ಮುಂದೆ 17.9.3ರಲ್ಲಿ ಮತ್ತೆ ಒಳಗೆ ಬಿಟ್ಟಿತು. ಈ ನಡುವೆ ಡಬ್ಬಿಯೊಳಗಿನ ಆಂಟೆನಾ ಬದಲಾಗಿರಲಿಲ್ಲ, ರೇಡಿಯೊ ಬದಲಾಗಿರಲಿಲ್ಲ. ಬದಲಾದದ್ದು ಕಂಪನಿಯ ತೀರ್ಮಾನ ಮಾತ್ರ. ಮೂರನೆಯದು ದೇಶದ ಗುರುತು. ಭಾರತಕ್ಕೆಂದು ತಯಾರಾದ ಸಿಸ್ಕೊ ಎಪಿಯ ಮಾದರಿ ಸಂಖ್ಯೆಯಲ್ಲಿ ಡಿ ಎಂಬ ಅಕ್ಷರವಿರುತ್ತದೆ. ಕಂಟ್ರೋಲರ್‌ನಲ್ಲಿ ಭಾರತದ ಸಂಕೇತ ಹಾಕಿರದಿದ್ದರೆ ಅಂಥ ಎಪಿಗೆ ಪ್ರವೇಶವಿಲ್ಲ. ವಿದೇಶದಿಂದ ಅಗ್ಗಕ್ಕೆ ತಂದ ಬೇರೆ ಗುರುತಿನ ಎಪಿಗಳು ಹಳೆಯ ಕಂಟ್ರೋಲರ್‌ನಲ್ಲಿ ಯಾರೋ ಹೇಗೋ ಹೊಂದಿಸಿದ್ದರಿಂದ ನಡೆದಿರಬಹುದು, ಹೊಸದರಲ್ಲಿ ನಿಂತುಬಿಡುತ್ತವೆ. ಈ ನಿಯಮಕ್ಕೆ ಕಾರಣವಿದೆ. ಯಾವ ತರಂಗಾಂತರ ಪರವಾನಗಿಯಿಲ್ಲದೆ ಬಳಸಬಹುದೆಂಬುದು ಪ್ರತಿ ದೇಶದಲ್ಲೂ ಬೇರೆ. ಭಾರತ 5 ಗಿಗಾಹರ್ಟ್ಸ್‌ನ 605 ಮೆಗಾಹರ್ಟ್ಸ್ ಅಗಲದ ಪಟ್ಟಿಯನ್ನು ಒಳಗೂ ಹೊರಗೂ ಮುಕ್ತವಾಗಿ ಬಳಸಲು ಬಿಟ್ಟದ್ದು 2018ರ ಅಕ್ಟೋಬರಿನಲ್ಲಿ. ನಿಯಮ ಸರಿ, ಆದರೆ ಕೊಳ್ಳುವಾಗ ಡಬ್ಬಿಯ ಹಿಂಬದಿಯ ಆ ಒಂದು ಅಕ್ಷರವನ್ನು ನೋಡುವವರು ಎಷ್ಟು ಜನ?

ಸಣ್ಣ ಕ್ಲಿನಿಕ್, ಲಾಡ್ಜು, ಟ್ಯೂಷನ್ ಕ್ಲಾಸುಗಳಿಗೆ ಇಷ್ಟು ದೊಡ್ಡ ಯಂತ್ರಗಳು ಬೇಕಿಲ್ಲ. ಅವರಿಗೆಂದೇ ಯುಬಿಕ್ವಿಟಿಯ ಯೂನಿಫೈ, ಟಿಪಿ-ಲಿಂಕ್‌ನ ಒಮಾಡದಂಥ ಅಗ್ಗದ ವ್ಯವಸ್ಥೆಗಳಿವೆ. ಇವುಗಳಲ್ಲಿ ಕಂಟ್ರೋಲರ್ ಒಂದು ಸಾಫ್ಟ್‌ವೇರ್. ಯಾವುದೇ ಕಂಪ್ಯೂಟರಿನಲ್ಲೂ ಕೂರಬಲ್ಲದು. ಈ ಅನುಕೂಲವೇ ಎಷ್ಟೋ ಸಲ ಉರುಳಾಗುತ್ತದೆ. ಕೆಲಸ ಮಾಡಿಕೊಟ್ಟವರು ಅದನ್ನು ತಮ್ಮ ಲ್ಯಾಪ್‌ಟಾಪಿನಲ್ಲೇ ಕೂರಿಸಿ, ಎಪಿಗಳನ್ನು ಅದಕ್ಕೆ ದತ್ತು ಕೊಟ್ಟು, ವೈಫೈ ಬರುತ್ತಿದೆ ನೋಡಿ ಎಂದು ತೋರಿಸಿ ಹೋದರೆ ಮುಗಿಯಿತು. ಕಂಟ್ರೋಲರ್ ಆಫ್ ಆಗಿದ್ದರೂ ಎಪಿಗಳು ಕೊನೆಯ ಆದೇಶದಂತೆ ನಡೆಯುತ್ತಲೇ ಇರುವುದರಿಂದ ಮಾಲೀಕನಿಗೆ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಪಾಸ್‌ವರ್ಡ್ ಬದಲಿಸಬೇಕಾದಾಗ ಲ್ಯಾಪ್‌ಟಾಪ್ ಬದಲಾಗಿರುತ್ತದೆ, ಆ ವ್ಯಕ್ತಿ ಊರು ಬಿಟ್ಟಿರುತ್ತಾನೆ. ಹೊಸ ಕಂಟ್ರೋಲರ್ ತಂದು ಹುಡುಕಿದರೆ ಎಪಿ ಕಾಣಿಸುತ್ತದೆ, ಆದರೆ ಬೇರೊಬ್ಬರ ನಿಯಂತ್ರಣದಲ್ಲಿದೆ ಎಂಬ ಉತ್ತರ ಬರುತ್ತದೆ. ಹಳೆಯ ಕಂಟ್ರೋಲರ್ ಕೈಯಲ್ಲಿದ್ದಿದ್ದರೆ ಕೆಲಸ ಸುಲಭವಿತ್ತು: ಬ್ಯಾಕಪ್ ಕಡತ ಹೊರತೆಗೆದು ಹೊಸದಕ್ಕೆ ಹಾಕುವುದು, ಎಪಿಗಳಿಗೆ ಹೊಸ ವಿಳಾಸ ಹೇಳುವುದು, ಅವು ಅತ್ತ ಹೋದ ಮೇಲೆ ಹಳೆಯದರ ಪಟ್ಟಿಯಿಂದ ಅವುಗಳ ಹೆಸರು ಅಳಿಸುವುದು. ಈ ಎರಡೂ ಕಂಪನಿಗಳು ಅದಕ್ಕೆಂದೇ ಸ್ಥಳಾಂತರದ ಸೌಲಭ್ಯ ಕೊಟ್ಟಿವೆ. ಕೈಯಲ್ಲಿಲ್ಲದಿದ್ದರೆ ಏಣಿ ಹಾಕಿ, ಒಂದೊಂದು ಡಬ್ಬಿಯ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಿ ರೀಸೆಟ್ ಮಾಡಿ, ಎಲ್ಲವನ್ನೂ ಮೊದಲಿನಿಂದ ಬರೆಯಬೇಕು. ಸಿಬ್ಬಂದಿಯ ನೆಟ್‌ವರ್ಕನ್ನು ಅತಿಥಿಗಳದರಿಂದ ಬೇರ್ಪಡಿಸಿದ ವಿಂಗಡಣೆ, ಲಾಡ್ಜಿನ ವೋಚರ್‌ಗಳು, ಹಳೆಯ ಲಾಗುಗಳು ಆಗ ಹೋದಂತೆಯೇ.

ದೊಡ್ಡ ಮಟ್ಟದಲ್ಲೂ ಇದೇ ಪಾಠ ಕಾಣುತ್ತದೆ. ಭಾರತೀಯ ರೈಲು ನಿಲ್ದಾಣಗಳ ಉಚಿತ ವೈಫೈ 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ಆರಂಭವಾದಾಗ ಗೂಗಲ್ ಮತ್ತು ರೈಲ್ವೆಯ ಟೆಲಿಕಾಂ ಸಂಸ್ಥೆ ರೈಲ್‌ಟೆಲ್ ಜೊತೆಯಾಗಿದ್ದವು. ನಾಲ್ಕು ವರ್ಷದಲ್ಲಿ 400ಕ್ಕೂ ಹೆಚ್ಚು ನಿಲ್ದಾಣಗಳಿಗೆ ಅದು ಹಬ್ಬಿತು. 2020ರ ಫೆಬ್ರುವರಿಯಲ್ಲಿ ಗೂಗಲ್ ತಾನು ಹಿಂದೆ ಸರಿಯುವುದಾಗಿ ಹೇಳಿತು. ಸೇವೆ ನಿಲ್ಲಲಿಲ್ಲ. ಫೈಬರ್ ರೈಲ್‌ಟೆಲ್‌ನದು, ಸೇವೆ ನಡೆಸುವ ಹೊಣೆಯೂ ಅದರದೇ ಆಗಿತ್ತು. ಪಾಲುದಾರ ಹೋದರೂ ವ್ಯವಸ್ಥೆ ಉಳಿಯಿತು. 2021ರ ಮೇ ತಿಂಗಳಲ್ಲಿ ಜಾರ್ಖಂಡಿನ ಹಜಾರಿಬಾಗ್ ಟೌನ್ 6000ನೇ ವೈಫೈ ನಿಲ್ದಾಣವಾಯಿತು. ಒಂದು ಸಂಸ್ಥೆ ಕೈಬಿಟ್ಟರೂ ಮತ್ತೊಂದು ಹಿಡಿದುಕೊಳ್ಳುವಂತೆ ಮೊದಲೇ ಹೆಣೆದಿದ್ದರೆ ಸ್ಥಳಾಂತರ ಪ್ರಯಾಣಿಕನ ಗಮನಕ್ಕೂ ಬರುವುದಿಲ್ಲ. 2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯೂ ಇದೇ ತತ್ವದ್ದು. ಅದರಲ್ಲಿ ಅಂಗಡಿಯವನು ಡಬ್ಬಿ ಇಟ್ಟು ವೈಫೈ ಕೊಡುತ್ತಾನೆ, ಗ್ರಾಹಕರ ಗುರುತು ಮತ್ತು ಲೆಕ್ಕ ನೋಡುವ ಸಂಸ್ಥೆ ಬೇರೆ, ಗ್ರಾಹಕನ ಫೋನಿನ ಆ್ಯಪ್ ಇನ್ನೊಬ್ಬರದು, ಎಲ್ಲರನ್ನೂ ನೋಂದಾಯಿಸಿಡುವುದು ಸರಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಕೇಂದ್ರ ನೋಂದಣಿ. ಅಂಗಡಿಯವನಿಗೆ ಪರವಾನಗಿ ಶುಲ್ಕವಿಲ್ಲ; 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ಅವನ ಬ್ರಾಡ್‌ಬ್ಯಾಂಡ್ ದರಕ್ಕೂ ಮನೆಗಳ ದರದ ಎರಡು ಪಟ್ಟಿನ ಮಿತಿ ಹಾಕಿತು. ಡಬ್ಬಿ, ಲೆಕ್ಕ, ಗುರುತು ಈ ಮೂರನ್ನೂ ಒಬ್ಬರ ಕೈಗೇ ಕೊಡದಿರುವುದರ ಬೆಲೆ ಸರಕಾರಿ ಯೋಜನೆಗೆ ಅರ್ಥವಾಗಿದೆ. ಖಾಸಗಿ ಕಟ್ಟಡಗಳ ಮಾಲೀಕರಿಗೆ ಇನ್ನೂ ಆಗಬೇಕಿದೆ.

ಹಿಡಿತ ಮಾಲೀಕನ ಕೈಯಲ್ಲೇ ಇರಬೇಕೆಂಬ ಈ ವಾದಕ್ಕೆ ಆಕ್ಷೇಪಗಳಿವೆ. ಹಳೆಯ ಡಬ್ಬಿಗಳನ್ನು ಹೊತ್ತುಕೊಂಡು ಯಾಕೆ ತಿರುಗಬೇಕು, ಕಂಟ್ರೋಲರ್ ಜೊತೆಗೇ ಹೊಸವನ್ನು ಕೊಂಡರಾಯಿತಲ್ಲ ಎಂಬುದು ಮಾರಾಟಗಾರರ ಮೊದಲ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಭದ್ರತಾ ತಿದ್ದುಪಡಿಯೇ ಸಿಗದ ಎಪಿಯನ್ನು ಹೊಸ ಕಂಟ್ರೋಲರ್‌ಗೆ ಕಟ್ಟಿಕೊಂಡು ಹೋಗುವುದು ಉಳಿತಾಯವಲ್ಲ, ಅಪಾಯ. ಅಂಥದ್ದನ್ನು ಬಿಡಲೇಬೇಕು. ಆದರೆ ಮೂರು ನಾಲ್ಕು ವರ್ಷದ ಹಿಂದೆ ಹಾಕಿದ, ಇನ್ನೂ ತಿದ್ದುಪಡಿ ಸಿಗುತ್ತಿರುವ ಎಪಿಯನ್ನು ಪಾಸ್‌ವರ್ಡ್ ಕಳೆದುಹೋಯಿತು ಎಂಬ ಒಂದೇ ಕಾರಣಕ್ಕೆ ಎಸೆಯುವುದು ದುಂದು. ಅದು ಬರೀ ದುಡ್ಡಿನ ಮಾತಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಹಿಂದೆ 21 ಬಗೆಯ ಉಪಕರಣಗಳಿಗಿದ್ದ ಹೊಣೆಗಾರಿಕೆಯನ್ನು 106 ಬಗೆಗೆ ವಿಸ್ತರಿಸಿವೆ. ಎಲೆಕ್ಟ್ರಾನಿಕ್ ಕಸ ಕಡಿಮೆ ಮಾಡಬೇಕೆಂಬ ನೀತಿ ಒಂದು ಕಡೆ, ಕೆಲಸ ಮಾಡುವ ಉಪಕರಣವನ್ನು ಕಸ ಮಾಡುವ ಒಪ್ಪಂದ ಇನ್ನೊಂದು ಕಡೆ. ಎಪಿಯನ್ನು ಬಿಡುವ ತೀರ್ಮಾನ ಅದರ ಸಾಮರ್ಥ್ಯ ಮತ್ತು ಭದ್ರತೆ ನೋಡಿ ಆಗಬೇಕು, ಯಾರದೋ ಲ್ಯಾಪ್‌ಟಾಪ್ ಕಳೆದುಹೋದದ್ದಕ್ಕಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಎಪಿ ಯಾರು ಕರೆದರೂ ಹೋಗುವಂತಿದ್ದರೆ ಕಳ್ಳನೂ ಕರೆದೊಯ್ಯಬಹುದಲ್ಲವೇ? ಪ್ರಮಾಣಪತ್ರ, ಗೂಢಲಿಪಿ, ದತ್ತು ಎಂಬ ಬೀಗಗಳು ಇರುವುದೇ ಅದಕ್ಕೆ. ಯಾರೋ ನಕಲಿ ಕಂಟ್ರೋಲರ್ ಇಟ್ಟು ಆಸ್ಪತ್ರೆಯ ಎಪಿಗಳನ್ನು ತನ್ನತ್ತ ಎಳೆದುಕೊಂಡರೆ ಎಲ್ಲ ರೋಗಿಗಳ ಮಾಹಿತಿ ಅವನ ಕಣ್ಣೆದುರು ಹಾಯುತ್ತದೆ. ಈ ವಾದವನ್ನು ಪೂರ್ತಿ ಒಪ್ಪಬೇಕು. ಬೀಗ ಬೇಡವೆಂದು ಯಾರೂ ಹೇಳುತ್ತಿಲ್ಲ. ಕೇಳಬೇಕಾದದ್ದು ಬೀಗದ ಕೈ ಯಾರ ಬಳಿ ಇರಬೇಕು ಎಂದು. ಅದು ಮಾಲೀಕನ ಬಳಿ ಇದ್ದರೆ ಬೀಗ ಭದ್ರತೆ. ಮಾಲೀಕನಲ್ಲಿ ಇಲ್ಲದೆ ಮಾರಿದವರ ಬಳಿಯೇ ಉಳಿದರೆ ಅದೇ ಬೀಗ ಅಡವು. ಆಡಳಿತದ ಪಾಸ್‌ವರ್ಡ್ ಮಾಲೀಕನಿಗೆ ಕೊಟ್ಟರೆ ಅವನೇ ಏನಾದರೂ ಕೆಡಿಸಿಕೊಳ್ಳುತ್ತಾನೆ ಎಂದು ಕೆಲಸದವರು ಹೇಳುವುದುಂಟು. ಇದಕ್ಕೂ ಪರಿಹಾರವಿದೆ: ಈ ವ್ಯವಸ್ಥೆಗಳಲ್ಲಿ ಬೇರೆಬೇರೆ ಅಧಿಕಾರದ ಖಾತೆಗಳನ್ನು ತೆರೆಯಬಹುದು. ಒಡೆತನದ ಖಾತೆ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯದೇ ಇಮೇಲಿನಲ್ಲಿ ಇರಲಿ. ದಿನದ ನಿರ್ವಹಣೆಯ ಖಾತೆ ಗುತ್ತಿಗೆದಾರನಿಗೆ ಇರಲಿ. ಗುತ್ತಿಗೆ ಮುಗಿದ ದಿನ ಆ ಖಾತೆಯನ್ನು ಮುಚ್ಚಿದರೆ ಸಾಕು, ಎಪಿಯನ್ನು ಮುಟ್ಟುವ ಅಗತ್ಯವೇ ಬೀಳದು.

ಕ್ಲೌಡಿಗೆ ಹೋದರೆ ಈ ತಾಪತ್ರಯವೇ ಇಲ್ಲ ಎಂಬುದು ಮೂರನೆಯ ಮಾತು. ಕಂಟ್ರೋಲರ್ ಇಂಟರ್ನೆಟ್ಟಿನಲ್ಲಿ ಇರುವಾಗ ಖೂಬಾ ಪ್ಲಾಟೂ ಒಂದೇ, ಕಮಲಾಪುರವೂ ಒಂದೇ. ರೌಟರ್ ದಾಟದ ಕೂಗಿನ ಸಮಸ್ಯೆ ಇಲ್ಲ, ಕರೆಂಟು ಹೋದಾಗ ಕಂಟ್ರೋಲರೂ ಮಲಗುವ ಭಯವಿಲ್ಲ. ಅನುಕೂಲ ನಿಜ. ಆದರೆ ಕ್ಲೌಡ್ ಹಿಡಿತವನ್ನು ಕಡಿಮೆ ಮಾಡುವುದಿಲ್ಲ, ಇನ್ನೂ ದೂರಕ್ಕೆ ಒಯ್ಯುತ್ತದೆ. ಸಿಸ್ಕೊ 2012ರಲ್ಲಿ 120 ಕೋಟಿ ಡಾಲರಿಗೆ ಕೊಂಡ ಮೆರಾಕಿ ಕ್ಲೌಡ್ ವೈಫೈಗೆ ಹೆಸರಾದದ್ದು. ಅದರ ರೂಢಿಯ ಪರವಾನಗಿ ಪದ್ಧತಿಯಲ್ಲಿ ಅವಧಿ ಮುಗಿದು 30 ದಿನಗಳ ರಿಯಾಯಿತಿ ಕಳೆದರೆ ನವೀಕರಿಸುವ ತನಕ ನೆಟ್‌ವರ್ಕ್ ನಿಲ್ಲುತ್ತದೆ. ಗೂಗಲ್ 2015ರಲ್ಲಿ ಮನೆಗಳಿಗೆಂದು ಮಾರಿದ ಆನ್‌ಹಬ್ ರೌಟರಿಗೆ 2023ರ ಜನವರಿಯಲ್ಲಿ ಬೆಂಬಲ ನಿಲ್ಲಿಸಿತು. ಆಮೇಲೆ ಅದರ ಆ್ಯಪಿನಿಂದ ಪಾಸ್‌ವರ್ಡ್ ಬದಲಿಸುವುದಕ್ಕೂ ದಾರಿಯಿರಲಿಲ್ಲ. ಕ್ಲೌಡ್ ಬೇಡ ಎನ್ನುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಕ್ಲೌಡ್ ಕೊಳ್ಳುವವರು ಬಾಡಿಗೆಗೆ ಕೊಳ್ಳುತ್ತಿದ್ದೇವೆಂದು ತಿಳಿದೇ ಕೊಳ್ಳಬೇಕು, ಬಾಡಿಗೆ ನಿಲ್ಲಿಸಿದ ದಿನ ಎಪಿ ಸ್ವತಂತ್ರವಾಗಿ ನಡೆಯಬಲ್ಲದೇ ಎಂದು ಮುಂಚೆಯೇ ಕೇಳಬೇಕು. ಕೆಲವು ಕಂಪನಿಗಳ ಎಪಿಗಳು ನಡೆಯುತ್ತವೆ, ಕೆಲವು ನಡೆಯುವುದಿಲ್ಲ. ಬೆಲೆ ಕೇಳುವಷ್ಟೇ ಮುಖ್ಯವಾದ ಪ್ರಶ್ನೆ ಇದು.

ನಮ್ಮಲ್ಲಿರುವುದು ಎರಡೇ ಡಬ್ಬಿ, ಇಷ್ಟೆಲ್ಲ ಯಾಕೆ ಎನ್ನುವವರಿಗೆ ಉತ್ತರ ಚಿಕ್ಕದು: ಹಾಗಾದರೆ ಕಂಟ್ರೋಲರೇ ಬೇಡ. ಸ್ವತಂತ್ರವಾಗಿ ನಡೆಯುವಂತೆ ಹಾಕಿಸಿಕೊಂಡು ಪಾಸ್‌ವರ್ಡ್ ಬರೆದಿಟ್ಟುಕೊಂಡರೆ ಸಾಕು. ಯಾವ ಕಂಪನಿಯ ಹಂಗೂ ಬೇಡವೆನ್ನುವ ಬಲ್ಲವರಿಗೆ ಮುಕ್ತ ಸಾಫ್ಟ್‌ವೇರಿನ ದಾರಿಯಿದೆ. ಲಿಂಕ್‌ಸಿಸ್ ಕಂಪನಿಯ ಒಂದು ರೌಟರಿನ ಸಾಫ್ಟ್‌ವೇರ್ ಮೂಲವನ್ನು 2003ರಲ್ಲಿ ಮುಕ್ತ ಪರವಾನಗಿಯ ಷರತ್ತಿಗೆ ಕಟ್ಟುಬಿದ್ದು ಬಯಲಿಗಿಡಬೇಕಾಯಿತು; ಅದರಿಂದ ಬೆಳೆದ ಓಪನ್‌ಡಬ್ಲ್ಯುಆರ್‌ಟಿ ಇಂದು ನೂರಾರು ಮಾದರಿಗಳಲ್ಲಿ ಕೂರುತ್ತದೆ, ಕಂಪನಿ ಕೈಬಿಟ್ಟ ಎಷ್ಟೋ ಉಪಕರಣಗಳಿಗೆ ಮರುಜೀವ ಕೊಟ್ಟಿದೆ. ಅದೇ ನೆಲೆಯ ಮೇಲೆ ಟೆಲಿಕಾಂ ಇನ್ಫ್ರಾ ಪ್ರಾಜೆಕ್ಟ್ ಎಂಬ ಒಕ್ಕೂಟ 2021ರಲ್ಲಿ ಓಪನ್‌ವೈಫೈ ಘೋಷಿಸಿತು. ಬೇರೆಬೇರೆ ತಯಾರಕರ ಎಪಿಗಳು ಬೇರೆಬೇರೆಯವರ ಕಂಟ್ರೋಲರ್‌ಗಳಿಗೆ ಸೇರುವಂತಾಗಬೇಕು ಎಂಬುದು ಅದರ ಗುರಿ. ಇವು ಎಲ್ಲರಿಗೂ ಹೊಂದುವ ಮದ್ದಲ್ಲ, ಕೆಟ್ಟಾಗ ಸರಿಪಡಿಸಲು ಊರಲ್ಲಿ ಬಲ್ಲವರಿರಬೇಕು. 1958ರಿಂದ ಎಂಜಿನಿಯರುಗಳನ್ನು ತಯಾರು ಮಾಡುತ್ತಿರುವ ಪಿಡಿಎ ಕಾಲೇಜು ಇರುವ ಕಲಬುರಗಿಗೆ ಆ ಬಲ ಸಿಗದ ವಸ್ತುವೇನಲ್ಲ. ನೆಟ್‌ವರ್ಕ್ ಕಲಿಸುವವರು ಕಟ್ಟುವುದನ್ನು ಕಲಿಸುವಷ್ಟೇ ಬಿಡಿಸಿ ಒಪ್ಪಿಸುವುದನ್ನೂ ಕಲಿಸಬೇಕು.

ಹಾಗಾದರೆ ಖೂಬಾ ಪ್ಲಾಟ್‌ನ ಕ್ಲಿನಿಕ್ಕಿನವರು, ಹಾಸ್ಟೆಲ್ಲಿನವರು, ಕಮಲಾಪುರದ ಶಾಖೆಯವರು ಮಾಡಬೇಕಾದ್ದು ಏನು? ಎಂಜಿನಿಯರಿಂಗ್ ಓದಬೇಕಿಲ್ಲ. ಕೆಲಸ ಒಪ್ಪಿಸುವ ಮುನ್ನ ಕಾಗದದ ಮೇಲೆ ನಾಲ್ಕು ಮಾತು ಬರೆಸಿಕೊಂಡರೆ ಸಾಕು. ಕಂಟ್ರೋಲರಿನ ಒಡೆತನದ ಖಾತೆ ಮತ್ತು ಪಾಸ್‌ವರ್ಡ್ ಕೆಲಸ ಮುಗಿದ ದಿನವೇ ನಮಗೆ ಬರಬೇಕು. ಪ್ರತಿ ಎಪಿಯ ಮಾದರಿ, ಕ್ರಮಸಂಖ್ಯೆ, ಕೊಂಡ ತಾರೀಖು, ಹಾಕಿದ ಜಾಗದ ಪಟ್ಟಿ ನಮ್ಮ ಕೈಯಲ್ಲಿರಬೇಕು. ಸೆಟ್ಟಿಂಗ್ ಬದಲಾದಾಗಲೆಲ್ಲ ಬ್ಯಾಕಪ್ ಕಡತದ ಒಂದು ಪ್ರತಿ ನಮಗೆ ಸಿಗಬೇಕು. ಒಪ್ಪಂದ ಮುಗಿದಾಗ ಎಪಿಗಳನ್ನು ಹಳೆಯ ಕಂಟ್ರೋಲರ್‌ನಿಂದ ಬಿಡುಗಡೆ ಮಾಡಿಕೊಡುವ ಹೊಣೆ ಹಾಕಿದವರದೇ ಆಗಿರಬೇಕು. ಕೊನೆಯ ಕಂತಿನ ಹಣವನ್ನು ಇವು ಕೈಗೆ ಬಂದ ಮೇಲೆ ಕೊಡಿ. ಈಗಾಗಲೇ ವೈಫೈ ಹಾಕಿಸಿ ವರ್ಷಗಳಾದವರು ಹಾಕಿದವರಿಗೆ ಈ ವಾರವೇ ಫೋನ್ ಮಾಡಿ, ಕಂಟ್ರೋಲರ್ ಎಲ್ಲಿದೆ, ಯಾರ ಹೆಸರಿನಲ್ಲಿದೆ ಎಂದು ಕೇಳಿ. ಉತ್ತರ ತಡವರಿಸಿದರೆ, ಎಲ್ಲ ಸರಿಯಾಗಿ ನಡೆಯುತ್ತಿರುವ ಈ ಹೊತ್ತಿನಲ್ಲೇ ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ವೈಫೈ ನಿಂತ ದಿನ ಕೇಳಿದರೆ ಚೌಕಾಸಿ ಮಾಡುವ ಶಕ್ತಿ ನಿಮ್ಮಲ್ಲಿ ಉಳಿದಿರುವುದಿಲ್ಲ.